ಪುಟ್ಟ ಕಂಪ್ಯೂಟರ್‌ಗಳನ್ನು ನಮ್ಮ ಬೇಸಿಗೆಗೆ ತಕ್ಕಂತೆ ಪರೀಕ್ಷಿಸಿ ಕೊಡಲಿ

ಮಾನ್ಯ ಸಂಪಾದಕರೇ,

ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಪ್ರೆಸ್ಸುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದೊಡ್ಡ ಕ್ಯಾಬಿನೆಟ್ ಹೋಗಿ ಪುಟ್ಟ ಡೆಸ್ಕ್‌ಟಾಪ್‌ಗಳು ಬರುತ್ತಿವೆ. ಇಕ್ಕಟ್ಟಾದ ಜಾಗದಲ್ಲಿ ಕೆಲಸ ಮಾಡುವವರಿಗೆ ಇವು ಅನುಕೂಲವೇ. ಆದರೆ ಇವನ್ನು ಜೋಡಿಸಿ ಮಾರುವ ಎಷ್ಟೋ ಕಡೆ ನಡೆಯುವ ಪರೀಕ್ಷೆ ನಮ್ಮ ಬೇಸಿಗೆಗೆ ಸಾಲುವುದಿಲ್ಲ. ಎ.ಸಿ. ಕೋಣೆಯಲ್ಲಿ, ಪಕ್ಕದ ಮುಚ್ಚಳ ತೆಗೆದಿಟ್ಟು, ವಿಂಡೋಸ್ ತೆರೆದುಕೊಂಡಿದ್ದನ್ನು ತೋರಿಸಿ ಬಿಲ್ ಕೊಟ್ಟರೆ ಅದನ್ನು ಪರೀಕ್ಷೆ ಎನ್ನಲಾಗದು.

ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರ್ ಬಿಸಿಯಾಯಿತೆಂದ ಮಾತ್ರಕ್ಕೆ ಹೆದರಬೇಕಿಲ್ಲ. ಇಂಟೆಲ್ ಕೋರ್ ಐ5-12400ಕ್ಕೆ ತಯಾರಕರು ಇಟ್ಟಿರುವ ಮೇಲ್ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಜನ್ 5 5600ಜಿಗೆ 95 ಡಿಗ್ರಿ. ಆ ಮಿತಿ ಮುಟ್ಟಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಭಾರದ ಕೆಲಸ ನಡೆದಿರುವಾಗ 80–85 ಡಿಗ್ರಿ ಕಂಡರೆ ಅದು ದೋಷವಲ್ಲ. ಆದರೆ ಆ ಅಂಕಿಯನ್ನು ಎಂಥ ಕೋಣೆಯಲ್ಲಿ ಅಳೆದರು ಎಂಬುದನ್ನು ಕೇಳಲೇಬೇಕು. ಫ್ಯಾನ್ ಒಳಗೆಳೆಯುವುದು ಕೋಣೆಯ ಗಾಳಿಯನ್ನೇ ಆದ್ದರಿಂದ, ಕೆಲಸವೂ ಫ್ಯಾನಿನ ವೇಗವೂ ಅಷ್ಟೇ ಇದ್ದರೆ, ಕೋಣೆಯ ಉಷ್ಣಾಂಶ ಎಷ್ಟು ಏರುತ್ತದೋ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 24 ಡಿಗ್ರಿಯ ಅಂಗಡಿಯಲ್ಲಿ 82 ತೋರಿಸಿದ ಯಂತ್ರ, ಪತ್ರಾಸ್ ಹೊದಿಸಿದ 39 ಡಿಗ್ರಿಯ ಪ್ರೆಸ್ಸಿನಲ್ಲಿ 97ರ ಹತ್ತಿರ ಹೋಗುತ್ತದೆ. ಏಪ್ರಿಲ್-ಮೇ ಎಂದರೆ ನಮ್ಮಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳ ಹಂಗಾಮು. ಕೆಲಸ ಹೆಚ್ಚಿದ್ದಾಗಲೇ ಬಿಸಿಲೂ ಹೆಚ್ಚು. ಸಾಲದ್ದಕ್ಕೆ ಕಾಗದದ ಪುಡಿ, ಎರೆಮಣ್ಣಿನ ಧೂಳು ಸೇರಿ ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕಿನ ಸಂದುಗಳು ಕಟ್ಟಿಕೊಂಡರೆ ಅಷ್ಟು ಸಣ್ಣ ಡಬ್ಬಿಯೊಳಗೆ ಗಾಳಿಗೆ ಬೇರೆ ದಾರಿಯೇ ಇರುವುದಿಲ್ಲ.

ಬಿಸಿಯ ಮಾತು ಒಂದಾದರೆ ಸ್ಥಿರತೆಯ ಮಾತು ಇನ್ನೊಂದು. ಉಷ್ಣಾಂಶ 70ರಲ್ಲೇ ಇದ್ದರೂ ಯಂತ್ರದ ನೆನಪಿನ ಭಾಗವಾದ ರ‍್ಯಾಮ್ ಕೆಟ್ಟಿದ್ದರೆ, ಅಥವಾ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಯ್ಕೆ ಹಾಕಿ ಅದರ ವೇಗವನ್ನು ತಾಳಲಾರದಷ್ಟು ಏರಿಸಿದ್ದರೆ, ಯಂತ್ರದ ಲೆಕ್ಕ ತಪ್ಪಬಹುದು. ಪ್ರೈಮ್95 ಎಂಬ ಉಚಿತ ತಂತ್ರಾಂಶ ಮೂಲತಃ ದೊಡ್ಡ ಅವಿಭಾಜ್ಯ ಸಂಖ್ಯೆಗಳ ಹುಡುಕಾಟಕ್ಕೆಂದು ಬಂದದ್ದು. ಅದರ ಪರೀಕ್ಷೆಯು ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನಿಂದ ಮತ್ತೆ ಮತ್ತೆ ಮಾಡಿಸಿ ತಾಳೆ ನೋಡುತ್ತದೆ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳಲ್ಲಿ ಉಳಿದವೆಲ್ಲ ಓಡುತ್ತಿರುವಾಗ ಒಂದು ಮಾತ್ರ, ರೌಂಡಿಂಗ್ 0.4ಕ್ಕಿಂತ ಕಡಿಮೆ ಇರಬೇಕಿತ್ತು, 0.5 ಬಂದಿದೆ ಎಂಬ ಸಾಲು ತೋರಿಸಿ ನಿಂತುಬಿಡುವುದನ್ನು ನಾನು ಕಂಡಿದ್ದೇನೆ. ಅಂದರೆ ಆ ಕೋರ್‌ನ ಲೆಕ್ಕ ತಪ್ಪಿತ್ತು. ಆದರೂ ಯಂತ್ರ ಹ್ಯಾಂಗ್ ಆಗಿರಲಿಲ್ಲ, ಮೌಸ್ ಸರಾಗವಾಗಿ ಓಡಾಡುತ್ತಿತ್ತು. ಇಂಥ ಯಂತ್ರದಲ್ಲಿ ಇಡೀ ಪುಸ್ತಕದ ಪಿಡಿಎಫ್ ಕೊನೆಯ ಗಳಿಗೆಯಲ್ಲಿ ಕೆಟ್ಟಾಗ ಮಾಲೀಕರು ಸಾಫ್ಟ್‌ವೇರನ್ನೋ ಕರೆಂಟನ್ನೋ ದೂರಿ ಸುಮ್ಮನಾಗುತ್ತಾರೆ, ನಷ್ಟ ಮಾತ್ರ ಅವರದೇ ಆಗುತ್ತದೆ.

ಮಾರಾಟಗಾರರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಚ್ಚಳ ಹಾಕಿ, ಎ.ಸಿ. ಆರಿಸಿ, ಕನಿಷ್ಠ ಒಂದು ಗಂಟೆ ಪ್ರೈಮ್95 ಅಥವಾ ಅಂಥದೇ ಪರೀಕ್ಷಾ ತಂತ್ರಾಂಶವಾದ ಒಸಿಸಿಟಿ ಓಡಿಸಲಿ. ರಾತ್ರಿ ಅಂಗಡಿ ಮುಚ್ಚುವಾಗ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿ ಹೋಗಲಿ. ಪರೀಕ್ಷೆಯಲ್ಲಿ ಮುಟ್ಟಿದ ಗರಿಷ್ಠ ಉಷ್ಣಾಂಶವನ್ನೂ ಆಗ ಕೋಣೆಯಲ್ಲಿದ್ದ ಉಷ್ಣಾಂಶವನ್ನೂ ಬಿಲ್ಲಿನ ಮೇಲೆಯೇ ಬರೆದುಕೊಡಲಿ. ಮಿತಿಗೆ ತಾಗುವಂತಿದ್ದರೆ ಬಯೋಸ್‌ನಲ್ಲಿ ವಿದ್ಯುತ್ ಬಳಕೆಯ ಮಿತಿ ಇಳಿಸಲು ಅವಕಾಶವಿದೆ. ಐ5-12400ರ ಮೂಲ ಬಳಕೆ 65 ವ್ಯಾಟ್, ಗರಿಷ್ಠ 117 ವ್ಯಾಟ್. ಪುಟ್ಟ ಕ್ಯಾಬಿನೆಟ್ಟಿನಲ್ಲಿ ಅದನ್ನು 65ಕ್ಕೇ ನಿಲ್ಲಿಸಿದರೆ ಬಿಸಿ ಇಳಿಯುತ್ತದೆ, ಪುಟವಿನ್ಯಾಸದಂಥ ಕೆಲಸದಲ್ಲಿ ವೇಗದ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಶಾಲೆ, ಗ್ರಾಮ ಪಂಚಾಯಿತಿಗಳಿಗೆ ಇಂಥ ಕಂಪ್ಯೂಟರ್ ಕೊಳ್ಳುವ ಅಧಿಕಾರಿಗಳೂ, ಮುಚ್ಚಳ ಹಾಕಿದ ಸ್ಥಿತಿಯಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಒಂದು ಗಂಟೆ ತಪ್ಪಿಲ್ಲದೆ ನಡೆಯಬೇಕೆಂಬ ಷರತ್ತನ್ನು ಮುಂದಿನ ಟೆಂಡರಿನಲ್ಲಿ ಸೇರಿಸಬೇಕೆಂದು ವಿನಂತಿಸುತ್ತೇನೆ.

– ಡಿಟಿಪಿ ಕೆಲಸಗಾರ, ಗದಗ-ಬೆಟಗೇರಿ