ನಂಜನಗೂಡಿಗೆ ಬರುವ ಮುನ್ನ

ಮೈಸೂರು
ದೀಪಾವಳಿಯ ಮರುವಾರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. "ಡಿಸೆಂಬರ್‌ನಲ್ಲಿ ಪುಣೆಯ ಗೆಳತಿಯರಿಬ್ಬರನ್ನು ನಂಜನಗೂಡಿಗೆ ಕರೆದುಕೊಂಡು ಹೋಗಬೇಕು ಅಮ್ಮಾ, ನೋಡುವ ಜಾಗಗಳ ಪಟ್ಟಿ ಮಾಡಿ ಮೊಬೈಲಿಗೆ ಹಾಕು" ಎಂದಿದ್ದೆಯಲ್ಲ, ಮಾಡಲು ಕುಳಿತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅದು ದಿನಸಿ ಚೀಟಿಯ ಹಾಗೆ ಕಾಣಿಸಿತು. ಹರಿದು ಹಾಕಿದೆ. ಕಳೆದ ಗುರುವಾರ ನಿಮ್ಮಪ್ಪನನ್ನು ಹೊರಡಿಸಿಕೊಂಡು ನಾನೇ ಹೋಗಿ ಬಂದೆ. ಬುದ್ಧಿ ಬಂದಾಗಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಪ್ರತಿ ಸಲವೂ ಏನಾದರೊಂದು ಕೆಲಸ ಇರುತ್ತಿತ್ತು, ನಮ್ಮ ಹರಕೆ, ಯಾರದೋ ಮಗುವಿನ ಮುಡಿ, ಇನ್ಯಾರದೋ ತುಲಾಭಾರ. ಸುಮ್ಮನೆ ನೋಡಿ ಬರೋಣವೆಂದು ಹೊರಟದ್ದು ಇದೇ ಮೊದಲು. ನಾನು ಹಾಗೆಂದುಕೊಂಡು ಹೊರಟೆ; ನಿಮ್ಮಪ್ಪನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಕಾರು ಬಾಡಿಗೆಗೆ ಹಿಡಿಯುತ್ತೇನೆ ಎಂದಿದ್ದೀಯ. ಬೇಡ. ಮೈಸೂರಿನಿಂದ ಸುಮಾರು 25 ಕಿಲೋಮೀಟರ್ ದಾರಿ, ಚಾಮರಾಜನಗರದ ರೈಲು ಹತ್ತಿ. ಕಡಕೊಳ, ತಾಂಡವಪುರ ದಾಟಿದ ಮೇಲೆ ಬಾಗಿಲ ಬಳಿ ನಿಲ್ಲದೆ ಕಿಟಕಿಗೆ ಮುಖ ಹಚ್ಚಿ ಕುಳಿತುಕೊಳ್ಳಿ. ರೈಲು ಹೊಳೆ ದಾಟುವಾಗ ಪಕ್ಕದಲ್ಲೇ ಕಮಾನುಗಳ ಮೇಲೆ ನಿಂತ ಹಳೆಯ ಸೇತುವೆ ಕಾಣುತ್ತದೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಎತ್ತಿನ ಗಾಡಿ, ಕುದುರೆಗಳಿಗೆಂದು ಕಟ್ಟಿದ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ನಾನು ಚಿಕ್ಕವಳಿದ್ದಾಗ ರೈಲು ಅದರ ಮೇಲೆಯೇ ಹೋಗುತ್ತಿತ್ತು. ಸೇತುವೆ ಬಂದೊಡನೆ ನಮ್ಮಜ್ಜಿ ಹೊಳೆಗೆ ಕಾಸು ಎಸೆದು ಕೈ ಮುಗಿಯುತ್ತಿದ್ದರು. ಈಗ ಅದಕ್ಕೆ ವಿಶ್ರಾಂತಿ, ಪಕ್ಕದ ಹೊಸ ಸೇತುವೆಗೆ ದುಡಿಮೆ. ಊರಿನಲ್ಲಿ ನೋಡಬೇಕಾದ ಮೊದಲನೆಯ ವಸ್ತು ಊರಿಗೆ ಇಳಿಯುವ ಮೊದಲೇ ಬಂದು ಹೋಗುತ್ತದೆ. ಕಾರಿನಲ್ಲಿ ಮಲಗಿಕೊಂಡು ಬಂದವರಿಗೆ ಅದು ಸಿಗುವುದಿಲ್ಲ.

ಇಳಿದವರೇ ನೇರ ಗೋಪುರದ ಕಡೆಗೆ ಓಡಬೇಡಿ. ಮೊದಲು ಹೊಳೆ. ಇದು ನನ್ನ ಹಟವೆಂದೇ ಇಟ್ಟುಕೊ. ಗುಡಿಯನ್ನು ಮೊದಲು ನೋಡಿದರೆ ಹೊಳೆ ಬರೀ ಕಾಲು ತೊಳೆಯುವ ಜಾಗವಾಗಿಬಿಡುತ್ತದೆ.

ಕಪಿಲೆ ಎಂದರೂ ಕಬಿನಿ ಎಂದರೂ ಒಂದೇ ಎಂದು ಗೆಳತಿಯರಿಗೆ ಹೇಳು, ಇಲ್ಲದಿದ್ದರೆ ಎರಡು ಹೊಳೆ ಎಂದುಕೊಳ್ಳುತ್ತಾರೆ. ವಯನಾಡಿನ ಮಳೆಯ ನೀರು ಎಚ್.ಡಿ. ಕೋಟೆಯ ಅಣೆಕಟ್ಟಿನಲ್ಲಿ ನಿಂತು ಇಲ್ಲಿಗೆ ಬರುತ್ತದೆ, ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹಾಗಾಗಿ ಕೇರಳದಲ್ಲಿ ಮಳೆ ಜೋರಾದರೆ ನಂಜನಗೂಡಿನವರು ಆಕಾಶ ನೋಡುವುದಿಲ್ಲ, ಹದಿನಾರು ಕಾಲು ಮಂಟಪ ನೋಡುತ್ತಾರೆ. ಸ್ನಾನಘಟ್ಟದ ಬಳಿ ಹೊಳೆಯ ಮಗ್ಗುಲಲ್ಲೇ ನಿಂತ ಕಲ್ಲಿನ ಮಂಟಪ ಅದು. ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಂಟಪಕ್ಕೆ ಎಷ್ಟು ಬಂತು ಎಂಬುದೇ ಊರಿನ ಮಾತು. 2019ರ ಆಗಸ್ಟ್‌ನಲ್ಲಿ ಪೂರ್ತಿ ಮುಳುಗಿ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೂ ನೀರು ಹರಿದು, ನಾವು ಮೈಸೂರಿನಲ್ಲಿ ಕುಳಿತು ಟಿವಿಯಲ್ಲಿ ನೋಡಿದ್ದು ನಿನಗೆ ನೆನಪಿರಬೇಕು. ಗುರುವಾರ ನಾನು ಹೋದಾಗ ಆ ಮಂಟಪದ ಕಂಬಕ್ಕೆ ಒರಗಿ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತಿದ್ದರು, ಹೊಳೆ ಎಂದಾದರೂ ಅಲ್ಲಿಯವರೆಗೆ ಬಂದಿತ್ತು ಎಂಬುದನ್ನು ನಂಬದವರ ಹಾಗೆ.

ಮೆಟ್ಟಿಲುಗಳಲ್ಲಿ ಪಾಚಿ ಇದೆ. ಕೊನೆಯ ಎರಡು ಮೆಟ್ಟಿಲಿಗೆ ಇಳಿಯಲೇಬೇಡಿ, ಈಜು ಬಂದರೂ ಸರಿ. ಮೇಲೆ ಸುಮ್ಮನಿರುವ ನೀರಿಗೆ ಕೆಳಗೆ ಸೆಳೆತವಿದೆ. ಇನ್ನೊಂದು, ದೋಷ ಕಳೆಯುತ್ತದೆಂದು ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಡುತ್ತಾರೆ. ಸೀರೆ, ಲುಂಗಿ, ಮಕ್ಕಳ ಚಡ್ಡಿ ಎಲ್ಲ ಮೆಟ್ಟಿಲ ಕಲ್ಲಿಗೆ ಸಿಕ್ಕಿಕೊಂಡು ನೀರಿನಲ್ಲಿ ಅಲ್ಲಾಡುತ್ತಿರುತ್ತವೆ. ನಾನು ಅದನ್ನು ಮುಚ್ಚಿಟ್ಟು ಊರನ್ನು ಹೊಗಳಲಾರೆ. ಕಳೆಯಬೇಕಾದ್ದನ್ನೆಲ್ಲ ತಂದು ಹೊಳೆಗೆ ಸುರಿದರೆ ಹೊಳೆ ತನ್ನದನ್ನು ಎಲ್ಲಿ ಕಳೆಯಬೇಕು ಎಂದು ನಿಮ್ಮಪ್ಪ ಪ್ರತಿ ಸಲ ಗೊಣಗುತ್ತಾರೆ. ಆ ಮಾತಿಗೆ ನಾನು ಇದುವರೆಗೂ ಉತ್ತರ ಕೊಟ್ಟಿಲ್ಲ.

ಈಗ ಊರಿನ ಹೆಸರಿಗೆ ಬರುತ್ತೇನೆ. ಗೆಳತಿಯರು ಕೇಳಿಯೇ ಕೇಳುತ್ತಾರೆ. ಹಿಂದೆ ಗರಳಪುರಿ ಎಂದೂ ಕರೆಯುತ್ತಿದ್ದರು, ವಿಷದ ಊರು. ಸಮುದ್ರ ಕಡೆದಾಗ ಬಂದ ಹಾಲಾಹಲವನ್ನು ಶಿವ ಕುಡಿದ, ಪಾರ್ವತಿ ಗಂಟಲು ಒತ್ತಿ ಹಿಡಿದಳು, ಒಳಗೆ ಇಳಿಯಲಿಲ್ಲ, ಅವನೇ ನಂಜುಂಡ. ಆದರೆ ನಂಜು ಎಂದರೆ ವಿಷ ಎಂದು ಅರ್ಥ ಹೇಳಿ ಮುಗಿಸಬೇಡ. ವಿಷ ಶೀಷೆಯಲ್ಲಿರುವುದು, ನಂಜು ಮೈಯಲ್ಲಿರುವುದು. ಗಾಯ ಕೀವಾದರೆ ನಂಜು, ಬಾಣಂತಿಗೆ ಜ್ವರ ಬಂದರೆ ನಂಜು, ಹುಣ್ಣಿದ್ದಾಗ ಬದನೆಕಾಯಿ ತಿಂದರೆ ನಂಜು. ನಮ್ಮ ಕಡೆ ಮನೆಗೊಬ್ಬ ನಂಜುಂಡ, ಕೇರಿಗೊಬ್ಬಳು ನಂಜಮ್ಮ ಇರುವುದು ಅದಕ್ಕೇ. ಔಷಧಿ ಅಂಗಡಿ ಇಲ್ಲದ ಕಾಲದಲ್ಲಿ ಈ ಒಂದು ಪದಕ್ಕೆ ಹೆದರಿದಷ್ಟು ಜನ ಯಮನಿಗೂ ಹೆದರಿರಲಾರರು.

ನಿನಗೂ ಆಗಿತ್ತು. ಎರಡನೆಯ ತರಗತಿಯಲ್ಲಿ ಕಾಲಿಗೆ ತುಕ್ಕು ಮೊಳೆ ಚುಚ್ಚಿ, ನೀನು ಬೈಯುತ್ತಾರೆಂದು ಎರಡು ದಿನ ಹೇಳದೆ, ಮೂರನೆಯ ದಿನ ಕಾಲು ಮಂಡಿಯವರೆಗೆ ಬಾತು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಕಾಪಾಡಿದ್ದು ಚುಚ್ಚುಮದ್ದು, ಅದು ನನಗೂ ಗೊತ್ತು. ಆದರೆ ರಾತ್ರಿ ಹೊತ್ತು ಆ ವರಾಂಡದಲ್ಲಿ ಕುಳಿತವಳಿಗೆ ಚುಚ್ಚುಮದ್ದಿನ ಹತ್ತಿರ ಮಾತನಾಡಲು ಬರುವುದಿಲ್ಲವಲ್ಲ. ಬೆಲ್ಲದ ತುಲಾಭಾರ ಹೊತ್ತುಕೊಂಡೆ. ತಕ್ಕಡಿಯಲ್ಲಿ ಕುಳಿತ ನೀನು ಎದುರಿನ ತಟ್ಟೆಯ ಅಚ್ಚುಬೆಲ್ಲವನ್ನೇ ನೋಡುತ್ತಾ "ಇದೆಲ್ಲ ನನಗಾ?" ಎಂದು ಕೇಳಿದ್ದೆ. ನಿಮ್ಮಪ್ಪ ಆಗ ದೇವಸ್ಥಾನದ ಒಳಗೂ ಬರಲಿಲ್ಲ, ಹೊರಗೆ ಪತ್ರಿಕೆ ಓದುತ್ತಾ ನಿಂತಿದ್ದರು.

ಹೊಳೆಯ ಹತ್ತಿರವೇ ಪರಶುರಾಮನ ಗುಡಿ ಇದೆ. ಗುಂಡ್ಲು ಹೊಳೆ, ಪುರಾಣದವರ ಬಾಯಲ್ಲಿ ಕೌಂಡಿನ್ಯ, ಕಪಿಲೆಯನ್ನು ಕೂಡುವುದು ಆ ಕಡೆಯೇ. ತಾಯಿಯ ತಲೆ ಕಡಿದ ಪಾಪ ಕಳೆಯಲು ಪರಶುರಾಮ ಇಲ್ಲಿಗೆ ಬಂದ, ಪೊದೆ ಸವರುವಾಗ ಕೊಡಲಿ ಲಿಂಗಕ್ಕೆ ತಗುಲಿ ರಕ್ತ ಬಂತು, ಹಸಿ ಮಣ್ಣು ಮೆತ್ತಿ ಗಾಯ ವಾಸಿ ಮಾಡಿದ. ಇಲ್ಲಿಯ ಮೃತ್ತಿಕೆಗೆ ಬೆಲೆ ಬಂದದ್ದು ಹಾಗೆ. ಪರಶುರಾಮನನ್ನು ನೋಡದೆ ಹೋದರೆ ಯಾತ್ರೆ ಪೂರ್ತಿಯಲ್ಲ ಎನ್ನುತ್ತಾರೆ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಬೇರೆ: ಬೇರೆ ಊರಿನಲ್ಲಿ ದೇವರು ಭಕ್ತನ ಗಾಯ ವಾಸಿ ಮಾಡಿದರೆ, ಇಲ್ಲಿ ಭಕ್ತನೇ ದೇವರಿಗೆ ಮದ್ದು ಹಚ್ಚಿದ್ದಾನೆ.

ಆಮೇಲೆ ಶ್ರೀಕಂಠೇಶ್ವರನ ಗುಡಿಗೆ ಹೋಗಿ. ಉದ್ದ 385 ಅಡಿ, ಅಗಲ 160 ಅಡಿ, 147 ಕಂಬ. ಸುಮಾರು 120 ಅಡಿಯ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕತ್ತೆತ್ತಿ ನೋಡುವ ಕೆಲಸವನ್ನು ನೆರಳಿನಲ್ಲಿ ನಿಂತು ಮಾಡಿ, ಅಂಗಳದ ಕಲ್ಲು ಹನ್ನೊಂದು ಗಂಟೆಗೇ ಕಾದ ಹೆಂಚಾಗುತ್ತದೆ. ದರ್ಶನದ ಸಾಲಿನಲ್ಲಿ ತಳ್ಳಿಸಿಕೊಂಡು ಹೊರಗೆ ಬಂದ ಮೇಲೆ ಮನೆಗೆ ಹೊರಡುವವರೇ ಹೆಚ್ಚು. ನೀವು ಹಾಗೆ ಮಾಡದೆ ಪ್ರಾಕಾರ ಸುತ್ತಿ. ಅರವತ್ತಮೂವರು ಪುರಾತನರ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿವೆ. ದೇವರಲ್ಲ, ಶಿವನ ಭಕ್ತರು. ರಾಜರ ಜೊತೆಗೇ ಬೇಟೆಗಾರ, ಕುಂಬಾರ, ಅಗಸ, ಬೆಸ್ತ, ಹೆಂಗಸರೂ ಇದ್ದಾರೆ. ಕಾರೈಕಾಲಿನ ಅಮ್ಮನನ್ನು ಹುಡುಕಿ ಗೆಳತಿಯರಿಗೆ ತೋರಿಸು. ರೂಪ ಬೇಡ ಎಂದು ಬೇಡಿ ಎಲುಬಿನ ಗೂಡಾದವಳು.

ಟಿಪ್ಪುವಿನ ಪಚ್ಚೆ ಲಿಂಗವೂ ಒಳಗೇ ಇದೆ. ಪಟ್ಟದ ಆನೆಗೆ ಕಣ್ಣು ಹೋಗಿ, ಒಂದು ಮಂಡಲ ಇಲ್ಲಿ ಪೂಜೆ ಮಾಡಿಸಿದ ಮೇಲೆ ಬಂತಂತೆ; ಸುಲ್ತಾನ ಪಚ್ಚೆ ಲಿಂಗ ಮಾಡಿಸಿಕೊಟ್ಟು ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನಂತೆ. ವೈದ್ಯ ನಂಜುಂಡ! ಈ ಊರಿನ ದೇವರಿಗೆ ಇದಕ್ಕಿಂತ ಒಪ್ಪುವ ಬಿರುದು ನಾನು ಕೇಳಿಲ್ಲ. ನೀನು ಚಿಕ್ಕಂದಿನಲ್ಲಿ ಹಲ್ಲುಜ್ಜುವುದು ಬಿಟ್ಟು ತಿನ್ನುತ್ತಿದ್ದ ಗುಲಾಬಿ ಬಣ್ಣದ ಹಲ್ಲುಪುಡಿ ಕೂಡ ಇದೇ ಊರಿನ ಸದ್ವೈದ್ಯಶಾಲೆಯದು, 1913ರಿಂದ ನಡೆದು ಬಂದದ್ದು. ವೈದ್ಯನ ಊರಿನಲ್ಲಿ ಔಷಧಿ ತಯಾರಿಸುವವರು ನೆಲೆ ನಿಂತದ್ದರಲ್ಲಿ ಏನು ಆಶ್ಚರ್ಯ.

ರಾಘವೇಂದ್ರ ಸ್ವಾಮಿಗಳ ಮಠಕ್ಕೆ ಸಮಯವಿದ್ದರೆ ಹೋಗಿ. ಬೇರೆಡೆ ಬೃಂದಾವನ ಇರುತ್ತದೆ, ಇಲ್ಲಿ ರಾಯರ ವಿಗ್ರಹ ಇದೆ. ತೇರಿನ ಮನೆಯಲ್ಲಿ ತಗಡಿನ ಹಿಂದೆ ನಿಂತ ರಥ ನೋಡಿ ದೊಡ್ಡ ಜಾತ್ರೆಯನ್ನು ಊಹಿಸಿಕೊಳ್ಳಿ ಎಂದು ಹೇಳಲಾರೆ. ಅದಕ್ಕೆ ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಇನ್ನೊಮ್ಮೆ ಬರಬೇಕು, ಐದು ತೇರು ಒಂದರ ಹಿಂದೊಂದು ಬೀದಿಗೆ ಇಳಿಯುವಾಗ. ಸೋಮವಾರ ಮತ್ತು ಹುಣ್ಣಿಮೆ ಮಾತ್ರ ಬೇಡ, ನೋಡಲು ಬಂದವರು ಜನರ ಬೆನ್ನು ನೋಡಿಕೊಂಡು ಹೋಗಬೇಕಾಗುತ್ತದೆ. ಮಧ್ಯಾಹ್ನ ದಾಸೋಹದಲ್ಲಿ ಊಟ ಮಾಡಿ.

ರಸಬಾಳೆ ಹಣ್ಣು ಕೇಳಿದ್ದೀಯ. ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹಣ್ಣೇ ಇಲ್ಲ ಎನ್ನುವ ಸ್ಥಿತಿ. ಪನಾಮ ಸೊರಗು ರೋಗ ತೋಟಗಳನ್ನೇ ತಿಂದುಹಾಕಿತು. ಬೇರಿನಿಂದ ಹತ್ತುತ್ತದೆ, ಮಣ್ಣಿನಲ್ಲೇ ಉಳಿಯುತ್ತದೆ, ನಂಜೆಂದರೆ ಅದು. ಗುರುವಾರ ಗಾಡಿಯವನೊಬ್ಬ ರಸಬಾಳೆ ಎಂದು ಆಣೆ ಮಾಡಿ ಏಲಕ್ಕಿ ಬಾಳೆ ಕೊಡಲು ನೋಡಿದ. ಸಿಪ್ಪೆ ಹಾಳೆಯಷ್ಟು ತೆಳ್ಳಗಿರಬೇಕು, ಚೀಲದಲ್ಲಿಟ್ಟರೆ ಬಸ್ಸೆಲ್ಲ ಘಮ್ಮೆನ್ನಬೇಕು. ಮೂಸದೆ ಕೊಳ್ಳಬೇಡ.

ಈಗ ಆ ವಿಷಯ. ಮೆಟ್ಟಿಲ ಮೇಲೆ ಕುಳಿತಿದ್ದಾಗ "ಕಾಫಿ ಕುಡಿದು ಬರುತ್ತೇನೆ, ಚಪ್ಪಲಿ ನೋಡಿಕೊ" ಎಂದು ನಿಮ್ಮಪ್ಪ ಹೋದರು. ಅರ್ಧ ಗಂಟೆಯಾದರೂ ಸುಳಿವಿಲ್ಲ. ಕೆಳಗೆ ಯಾರೋ ಬೋಳುತಲೆಯವರು ಮೂರು ಮುಳುಗು ಹಾಕಿ, ತಲೆಗೆ ಗಂಧ ಬಳಿದುಕೊಂಡು, ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕದ ಚಪ್ಪಲಿಗೆ ಕಾಲು ಹಾಕಿದರು. "ರೀ, ಅದು ನಮ್ಮ ಯಜಮಾನರದು" ಎಂದೆ. ಆಮೇಲೆ ಮುಖ ನೋಡಿದೆ.

ಏನು ಇದು ಎಂದರೆ, "ಒಂದು ಹಳೆಯ ಖಾತೆ ಇತ್ತು, ಮುಚ್ಚಿದೆ" ಎಂದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರ ಬಾಯಲ್ಲಿ ಇನ್ನೇನು ಬಂದೀತು. ಯಾವಾಗ ತೆರೆದದ್ದು ಎಂದು ಕೇಳಿದೆ. "ಹನ್ನೊಂದು ದಿನ ನೀನೊಬ್ಬಳೇ ವರಾಂಡದಲ್ಲಿ ಕುಳಿತಿದ್ದೆಯಾ?" ಎಂದರು. ಮುಂದೆ ಆ ಮಾತು ಬೆಳೆಯಲಿಲ್ಲ. ಇಷ್ಟು ವರ್ಷ ಏಕೆ ತಡ ಎಂದು ಕೇಳುವ ಮನಸ್ಸಾಗಿತ್ತು, ರೈಲಿಗೆ ಹೊತ್ತಾಗಿತ್ತು.

ನೀನು ಬರುವ ಹೊತ್ತಿಗೆ ಒಂದಿಷ್ಟು ಕೂದಲು ಬಂದಿರುತ್ತದೆ. ಆದರೂ ನಿಲ್ದಾಣದಲ್ಲಿ ಗಾಬರಿಯಾಗಬೇಡ, ಗೆಳತಿಯರ ಎದುರು ನಗಬೇಡ, ನಾನು ಹೇಳಿದೆನೆಂದು ಅವರ ಹತ್ತಿರ ಬಾಯಿ ಬಿಡಬೇಡ. ಮೊಬೈಲಿನಲ್ಲಿ ಬರೆಯದೆ ಅಂಚೆಯಲ್ಲಿ ಕಳಿಸುತ್ತಿರುವುದೂ ಅದಕ್ಕೇ. ಈಗೀಗ ನನ್ನ ಮೊಬೈಲನ್ನು ಅವರೇ ಹೆಚ್ಚು ನೋಡುತ್ತಾರೆ. ಬೆಳಗ್ಗೆ ವಾಕಿಂಗ್ ಹೋಗುವಾಗ ಚಳಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದಾರೆ, ನೋಡಲಾಗುವುದಿಲ್ಲ. ಪುಣೆಯಲ್ಲಿ ಒಳ್ಳೆಯ ಉಣ್ಣೆಯ ಟೋಪಿ ಸಿಕ್ಕರೆ ತಾ. ರಾತ್ರಿ ನಿದ್ದೆ ಹೋಗಿದ್ದಾಗ ತಲೆಯ ಸುತ್ತಳತೆ ತೆಗೆದ ದಾರವನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಗಂಟಿನಿಂದ ಗಂಟಿಗೆ.

ನಿನ್ನ
ಅಮ್ಮ