ದಪ್ಪ ಟಿವಿ ಒಡೆಯುವ ಮುಂಚೆ

ಸಂಪಾದಕರೇ,

ಅಟ್ಟ ಸೇರಿರುವ 29 ಇಂಚಿನ, ಪಿಕ್ಚರ್ ಟ್ಯೂಬಿನ ದಪ್ಪ ಟಿವಿಯನ್ನು ಸುಮ್ನೆ ಗುಜರಿಗೆ ಹಾಕಬೇಡಿ. ಹಳೆ ವಿಡಿಯೊ ಗೇಮ್ ಪಾರ್ಲರಿನಲ್ಲಿದ್ದಂಥ ಮೆಷಿನ್ ಒಂದನ್ನು ನಾನು ಮನೆಯಲ್ಲೇ ಪ್ಲೈವುಡ್ಡಿನಲ್ಲಿ ಕಟ್ಟುತ್ತಿದ್ದೇನೆ. ಅದರ ಪರದೆಗೆ ಮೊದಲು ಕಂಪ್ಯೂಟರಿನ ಹಳೆ ಮಾನಿಟರ್ ಇಟ್ಟು ನೋಡಿದೆ. ಚಿತ್ರವೇನೋ ಚೊಕ್ಕ, ಆದರೆ ಜೀವ ಇಲ್ಲ. 80ರ ದಶಕದ ಹೆಚ್ಚಿನ ಆಟಗಳು ಚಿತ್ರ ಮೂಡಿಸಲು ಸೆಕೆಂಡಿಗೆ ಸುಮಾರು 15 ಸಾವಿರ ಅಡ್ಡ ಗೆರೆ ಎಳೆಯುವ ಪರದೆಗೆಂದೇ ಮಾಡಿದವು, ಹಳೆ ಟಿವಿಯದ್ದೂ ಅದೇ ಲೆಕ್ಕ, ಕಂಪ್ಯೂಟರ್ ಮಾನಿಟರಾದರೆ ಸಾಮಾನ್ಯವಾಗಿ 31 ಸಾವಿರದಿಂದ ಶುರು, ಹಾಗಾಗಿ ಪ್ರತಿ ಗೆರೆಯನ್ನೂ ಎರಡು ಸಲ ಎಳೆದು ಆ ಆಟಗಳಿಗೆ ಹಳೆ ಕಳೆ ಕೊಡುವ, ಗೆರೆಗಳ ನಡುವಿನ ಕಪ್ಪು ಸಂದನ್ನೇ ನುಂಗಿಬಿಡುತ್ತದೆ.

ಕೊನೆಗೆ ಉಡುಪಿಯ ಗುಜರಿ ಅಂಗಡಿಯೊಂದರಲ್ಲಿ ಟಿವಿ ಸಿಕ್ಕಿತು. ಹಿಂದೆ ಹಸಿರು, ನೀಲಿ, ಕೆಂಪು ಕಂಪೊನೆಂಟ್ ಪಿನ್ನುಗಳಿದ್ದವು (ಚಿತ್ರವನ್ನು ಮೂರು ಬೇರೆ ತಂತಿಗಳಲ್ಲಿ ಚೊಕ್ಕವಾಗಿ ಒಳಗೆ ಕೊಡುವಂಥವು), ಅದಕ್ಕೇ ತಗೊಂಡೆ. ಉಪ್ಪುಗಾಳಿಗೆ ಸ್ಕ್ರೂ ಎಲ್ಲ ತುಕ್ಕು. ಎತ್ತಲು ಮೂರು ಜನ ಬೇಕಾಯಿತು ಮಾರಾಯ್ರೆ!

ಪಕ್ಕದಲ್ಲೇ ಹುಡುಗನೊಬ್ಬ ತಾಮ್ರದ ಕಾಯಿಲಿಗಾಗಿ ಇನ್ನೊಂದು ಟಿವಿಯನ್ನು ಬರಿಗೈಲಿ ಒಡೆಯುತ್ತಿದ್ದ. ಆ ಗಾಜಿನಲ್ಲಿ ಸೀಸ ಇರುತ್ತದೆ, ಸ್ವಿಚ್ ಆಫ್ ಮಾಡಿದರೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ನಗರಸಭೆಯವರು ಇ-ತ್ಯಾಜ್ಯ ತಗೊಳ್ಳುವಾಗ ನಡೆಯುವ ಟಿವಿಗಳನ್ನು ಬೇರೆ ಇಟ್ಟರೆ ನಮ್ಮಂಥವರು ಬಂದು ಒಯ್ಯುತ್ತೇವೆ, ಅಲ್ವಾ?

– ಓದುಗ, ಕುಂಜಿಬೆಟ್ಟು, ಉಡುಪಿ