ಫೋರ್ಟ್ ಸ್ಟಿಕಿನ್: ಹತ್ತಿಯ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸಪ್ತಾಹದ ವರದಿಗಳನ್ನು ಪ್ರತಿ ವರ್ಷ ತಪ್ಪದೆ ಓದುತ್ತೇನೆ. ಅಣಕು ಪ್ರದರ್ಶನದ ಚಿತ್ರ, ಅತಿಥಿಗಳ ಹೆಸರು ಎಲ್ಲವೂ ಇರುತ್ತವೆ. 1944ರಲ್ಲಿ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಸರಕು ಹಡಗು ಸ್ಫೋಟಿಸಿದಾಗ ಮಡಿದವರಿಗೆ ಮಾತ್ರ ಒಂದೇ ಸಾಲು. ಮೂವತ್ತು ವರ್ಷ ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದ ನನಗೆ ಅಷ್ಟು ಸಾಲದು.

ಯುದ್ಧದಲ್ಲಿ ಮುಳುಗುತ್ತಿದ್ದ ಬ್ರಿಟನ್ನಿನ ಸರಕು ಹಡಗುಗಳ ಕೊರತೆ ತುಂಬಲು ಕೆನಡಾದಲ್ಲಿ ಒಂದೇ ನಕ್ಷೆಯ ಹಡಗುಗಳನ್ನು ಸಾಲುಸಾಲಾಗಿ ಕಟ್ಟಿ, ಅವಕ್ಕೆ ಹಳೆಯ ವ್ಯಾಪಾರಿ ಕೋಟೆಗಳ ಹೆಸರಿಟ್ಟರು. 1942ರಲ್ಲಿ ಪ್ರಿನ್ಸ್ ರೂಪರ್ಟ್‌ನಲ್ಲಿ ಕಟ್ಟಿದ 7,142 ಟನ್ನಿನ ಫೋರ್ಟ್ ಸ್ಟಿಕಿನ್ ಅಂಥದ್ದೊಂದು. ಕಟ್ಟಿದವರ ಕೆಲಸದಲ್ಲಿ ಕುಂದಿರಲಿಲ್ಲ. ಅದರ ಒಡಲಿಗೆ ತುಂಬಿದ್ದೇ ತಪ್ಪಾಯಿತು.

1944ರ ಫೆಬ್ರುವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಾಗ ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳು ಇದ್ದವು. ಕರಾಚಿಯಲ್ಲಿ ತೆರವಾದ ಜಾಗಕ್ಕೆ 8,700 ಬೇಲ್ ಹತ್ತಿ ತುಂಬಿದರು. ಕೆಳಗೆ ಹತ್ತಿ, ಅದೇ ಉಗ್ರಾಣದ ಮೇಲಂತಸ್ತಿನಲ್ಲಿ ಸ್ಫೋಟಕ! ಮುಂಬಯಿಯ ವಿಕ್ಟೋರಿಯಾ ಡಾಕ್‌ಗೆ ಬಂದ ಮೇಲೂ ಅಪಾಯ ಸೂಚಿಸುವ ಕೆಂಪು ಬಾವುಟ ಏರಲಿಲ್ಲ. ಎರಡು ದಿನ ಕಳೆದರೂ ಸ್ಫೋಟಕಗಳು ಒಳಗೇ ಇದ್ದವು.

ಏಪ್ರಿಲ್ 14ರ ಮಧ್ಯಾಹ್ನ ಎರಡರ ಸುಮಾರಿಗೆ ಹತ್ತಿಯಿದ್ದ ಆ ಉಗ್ರಾಣದಿಂದ ಹೊಗೆ ಕಂಡಿತು. 900 ಟನ್ನಿಗೂ ಹೆಚ್ಚು ನೀರು ಸುರಿದರು. ಒಳಗಿನ ಕಾವಿಗೆ ಆ ನೀರೇ ಕುದಿಯಿತು, ಹಡಗಿನ ಪಕ್ಕದ ಬಣ್ಣ ಬೊಬ್ಬೆ ಎದ್ದಿತು. ಮೆತುವಾಗುತ್ತಿದ್ದ ಆ ಉಕ್ಕಿನ ಗೋಡೆಯ ಪಕ್ಕದಲ್ಲೇ ಪೈಪು ಹಿಡಿದು ನಿಂತವರನ್ನು ನೆನೆದರೆ ಇಂದಿಗೂ ಎದೆ ಬಿಗಿಯುತ್ತದೆ. 4.06ಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಇನ್ನೊಂದು. 66 ಅಗ್ನಿಶಾಮಕರು ಸತ್ತರು. ಸತ್ತ ಕೂಲಿಗಳ, ದಾರಿಹೋಕರ ಲೆಕ್ಕ ಸರಿಯಾಗಿ ಸಿಗಲೇ ಇಲ್ಲ. ಸಾವಿರ ದಾಟಿರಬಹುದು ಎನ್ನುವವರಿದ್ದಾರೆ. ಪಕ್ಕದಲ್ಲಿದ್ದ ಜಲಪದ್ಮ ಹಡಗು ನೆಲಕ್ಕೆ ಎಸೆಯಲ್ಪಟ್ಟಿತು. ಶಿಮ್ಲಾದ ಭೂಕಂಪ ಮಾಪಕವೂ ನಡುಕ ದಾಖಲಿಸಿತು.

ಆ ದಿನದ ಮಾತು ಬಂದಾಗಲೆಲ್ಲ ಜನ ಆಕಾಶದಿಂದ ಬಿದ್ದ ಚಿನ್ನದ ಗಟ್ಟಿಯ ಕಥೆಯನ್ನೇ ಹೇಳುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ತಾವು ಹತ್ತಿಯ ಕಥೆಯನ್ನು ಅರ್ಧ ಪುಟವಾದರೂ ಪ್ರಕಟಿಸಬೇಕು. ಮಂಗಳೂರು, ಕಾರವಾರ ಬಂದರುಗಳಲ್ಲಿ ಸರಕು ಏರಿಸುವವರ ಮನೆಗಳಿಗೂ ನಿಮ್ಮ ಪತ್ರಿಕೆ ಹೋಗುತ್ತದೆ.

— ಒಬ್ಬ ಓದುಗ, ಉಡುಪಿ